ನೂರಾ ಎಂಬತ್ತರ ಮಾತು

ನಮ್ಮೂರಿನಲ್ಲಿ ಕಾರು ಕಲಿಸುವವರಿಗೆ ಬಾಯಿಗಿಂತ ಬೆರಳು ಮುಖ್ಯ. ಪಕ್ಕದಲ್ಲಿ ಕೂತು ಕಲಿಯುವವರ ಮೊಣಕೈಯನ್ನು ನಾನು ಒಮ್ಮೆ ತಟ್ಟಿದರೆ ಗೇರು ಬದಲಿಸು ಎಂದರ್ಥ, ಎರಡು ಸಲ ತಟ್ಟಿದರೆ ಕ್ಲಚ್ಚು ಬಿಡು ಎಂದರ್ಥ. ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಬಡಿದರೆ ಬ್ರೇಕು. ಬೈಯಲೇಬೇಕು ಎನಿಸಿದರೆ ಗಾಡಿ ನಿಲ್ಲಿಸಿ, ಇಬ್ಬರೂ ಕೆಳಗಿಳಿದು, ನೆಲದ ಮೇಲೆ ನಿಂತು ಮನಸಾರೆ ಬೈದು ಮತ್ತೆ ಹತ್ತುತ್ತೇವೆ. ಚಕ್ರದ ಮೇಲೆ ಆಡಿದ ಮಾತು ನಮ್ಮಲ್ಲಿ ರಸ್ತೆಯಲ್ಲೇ ಉಳಿದುಬಿಡುತ್ತದೆ. ಯಾವ ವೇಗದಲ್ಲಿ ಆಡಿದ್ದೋ ಅದೇ ವೇಗದಲ್ಲಿ ಆ ಜಾಗ ದಾಟುವವರಿಗೆ ಕೇಳುತ್ತದೆ, ಮಿಕ್ಕವರಿಗೆ ಕೇಳುವುದಿಲ್ಲ. ಹಾಗಾಗಿ ಗಾಡಿ ಹತ್ತಿದವರು ತುಟಿ ಹೊಲಿದುಕೊಂಡವರಂತೆ ಕೂರುತ್ತಾರೆ, ಮಕ್ಕಳಿಗೂ ಮೊದಲು ಕಲಿಸುವುದು ಇದನ್ನೇ.

ಆದರೂ ನಾಲಿಗೆಗೆ ಎಲುಬಿಲ್ಲವಲ್ಲ, ಎಷ್ಟೋ ಮಾತು ಬಿದ್ದಿವೆ. ಎತ್ತಿನ ಗಾಡಿಯ ವೇಗದಲ್ಲಿ ಹೋದರೆ ಎಂದೋ ಸತ್ತುಹೋದವರ ಜಮೀನಿನ ಜಗಳ ಈಗಲೂ ನಡೆದಿರುತ್ತದೆ. ಬಸ್ಸಿನ ಡ್ರೈವರು ನಲವತ್ತಕ್ಕೆ ಹೋಗುವುದೇ ಇಲ್ಲ, ಅಲ್ಲೊಂದು ಮದುವೆ ದಿಬ್ಬಣ ಬೀಗರ ಅಡುಗೆಯನ್ನು ಆಡಿಕೊಂಡು ನಕ್ಕಿದ್ದು ಹಾಗೇ ಇದೆ. ಆ ಬೀಗರ ಮೊಮ್ಮಕ್ಕಳು ಇವತ್ತು ಅದೇ ಬಸ್ಸಿನಲ್ಲಿ ಓಡಾಡುತ್ತಾರೆ. ಪ್ರಾಯದವರು ಮಾತ್ರ ಬೇಕೆಂದೇ ಮಾತಾಡುತ್ತಾರೆ. ಮನೆಯಲ್ಲಿ ಹೇಳಲಾಗದ್ದನ್ನು ಹುಡುಗ ಬೈಕಿನಲ್ಲಿ ಒಬ್ಬನೇ ಹೋಗಿ, ಕೆರೆ ಏರಿಯ ಮೇಲೆ ಐವತ್ತಮೂರರಲ್ಲೋ ಅರವತ್ತೊಂದರಲ್ಲೋ ಹೇಳಿ ಬರುತ್ತಾನೆ. ಆಮೇಲೆ ಹುಡುಗಿಯನ್ನು ಹಿಂದೆ ಕೂರಿಸಿಕೊಂಡು ಅದೇ ವೇಗದಲ್ಲಿ ಹೋಗಿ ಕೇಳಿಸುತ್ತಾನೆ. ಇದಕ್ಕೆ ನಾವು ಮಾತು ಇಟ್ಟು ಬರುವುದು ಎನ್ನುತ್ತೇವೆ. ಹುಡುಗಿಯರ ತಾಯಂದಿರು ಸ್ಕೂಟರ್ ಕಲಿಯಲು ನನ್ನ ಹತ್ತಿರ ಬರುವುದು ಯಾಕೆಂದು ನಾನು ಯಾರನ್ನೂ ಕೇಳಿಲ್ಲ.

ನನ್ನ ಗಂಡ ಕೊಟ್ರೇಶಿ ನನಗೆಂದು ಒಂದು ಮಾತು ಇಟ್ಟುಹೋಗಿದ್ದ. ಅದು ನೂರಾ ಎಂಬತ್ತರಲ್ಲಿತ್ತು.

ಕೊಟ್ರೇಶಿಗೆ ಗ್ಯಾರೇಜಿತ್ತು, ನನಗೆ ಗಾಡಿ ಕಲಿಸಿದವನೂ ಅವನೇ. ಸೋದರಮಾವನ ಮಗಳೊಂದಿಗೆ ನಿಶ್ಚಯವಾಗಿದ್ದ ಮದುವೆಯನ್ನು ಮುರಿದು, ಜಾತಿಯಲ್ಲದ ಜಾತಿಯ ನನ್ನನ್ನು ಕಟ್ಟಿಕೊಂಡ. ಮಾವನ ಕಡೆಯವರ ಟ್ರ್ಯಾಕ್ಟರು, ಲಾರಿಗಳೆಲ್ಲ ಬೇರೆ ಗ್ಯಾರೇಜಿಗೆ ಹೋದವು. ಅವನ ತಾಯಿ ಹಾಲಮ್ಮ ಅದೇ ಮನೆಯಲ್ಲಿ ಬೇರೆ ಒಲೆ ಹೂಡಿದಳು. ಮೂರು ವರ್ಷ ಹೇಗೋ ಕಳೆಯಿತು. ಆಮೇಲೆ ಕೊಟ್ರೇಶಿ ಮಾತು ಕಡಿಮೆ ಮಾಡಿದ. ಒಂದು ವಾರ ಪೂರ್ತಿ ಬಾಯಿ ಬಿಡದೆ ಉಂಡೆದ್ದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುವಾಗ ಕೇಳಿದೆ. "ನನ್ನ ಕಟ್ಕೊಂಡಿದ್ದು ತಪ್ಪಾಯ್ತು ಅನ್ಸಿದ್ಯಾ? ಇದ್ರೆ ಇದೆ ಅಂತ ಹೇಳ್ಬಿಡು."

ಅವನು ಒಳಕೋಣೆಯ ಕಡೆ ನೋಡಿದ. ಅಲ್ಲಿ ಅವನ ತಾಯಿ ಅಕ್ಕಿ ಆರಿಸುವ ಸದ್ದು ನಿಂತಿತ್ತು. "ಇಲ್ಲಿ ಬ್ಯಾಡ, ಗೋಡೆಗೂ ಕಿವಿ ಐತೆ," ಎಂದ. "ಸಾವ್ಕಾರ್ರ ಕೆಂಪು ಕಾರು ರಿಪೇರಿ ಆಗೈತೆ. ಇವತ್ತು ಓಡಿಸಿ ನೋಡ್ಬೇಕು. ಏರಿ ಮೇಲೆ ನೂರಾ ಎಂಬತ್ತರಲ್ಲಿ ಇಟ್ಟು ಬರ್ತೀನಿ. ನಾಳೆ ಕರ್ಕೊಂಡೋಗಿ ಕೇಳಿಸ್ತೀನಿ. ಆ ಸ್ಪೀಡಿಗೆ ಊರಲ್ಲಿ ಬ್ಯಾರೆ ಯಾರೂ ಬರಕಾಗಲ್ಲ."

ಆ ನಾಳೆ ಬರಲಿಲ್ಲ. ಏರಿ ಮೂರು ಮೈಲಿ ಗೆರೆ ಎಳೆದಂತೆ ಹೋಗಿ ತೂಬಿನ ಹತ್ತಿರ ಗಕ್ಕನೆ ಬಲಕ್ಕೆ ತಿರುಗುತ್ತದೆ. ಕಾರು ತಿರುಗಲಿಲ್ಲ. ಮೂಲೆ ಮೂಲೆ ಗೊತ್ತಿದ್ದ ಮನುಷ್ಯ, ಕಣ್ಣು ಕಟ್ಟಿದರೂ ಆ ತಿರುವಿನಲ್ಲಿ ಗಾಡಿ ತಿರುಗಿಸುತ್ತಿದ್ದವನು, ಬ್ರೇಕು ಹಿಡಿದ ಗುರುತೂ ಇಲ್ಲದೆ ಕೆರೆಯಂಗಳಕ್ಕೆ ಹಾರಿದ್ದ. ಬೇಕೆಂದೇ ಹೋದ ಎಂದು ಊರಲ್ಲಿ ಕೆಲವರು ಅಂದರು. ಹಾಲಮ್ಮ ನನ್ನ ಮುಖ ನೋಡಿ ಒಂದೇ ಮಾತು ಅಂದಳು. "ನಿನ್ನ ಪ್ರಶ್ನೆ ನನ್ನ ಮಗನ್ನ ತಿಂತು."

ಇಪ್ಪತ್ತು ವರ್ಷ ದಾಟಿತು. ಅತ್ತೆ ಸೊಸೆ ಒಂದೇ ಸೂರಿನಡಿ, ಎರಡು ಒಲೆ ಹಚ್ಚಿಕೊಂಡು ಉಳಿದೆವು. ಹೋಗಲು ಅವಳಿಗೂ ಜಾಗವಿರಲಿಲ್ಲ, ನನಗೂ ಇರಲಿಲ್ಲ. ಸೊಸೆ ಎಂದೇನೋ ನಾನು ಈಗ ಅನ್ನುತ್ತಿದ್ದೇನೆ, ಅವಳ ಬಾಯಲ್ಲಿ ಆ ಪದ ಬಂದದ್ದಿಲ್ಲ. ಯಾರಾದರೂ ಕೇಳಿದರೆ "ನಮ್ಮನೇಲಿರಾಳು" ಎನ್ನುತ್ತಿದ್ದಳು. ನಾನು ಗ್ಯಾರೇಜಿನ ಜಾಗದಲ್ಲೇ ಡ್ರೈವಿಂಗ್ ಸ್ಕೂಲು ತೆರೆದೆ. ಏರಿಗೆ ಹೊಸ ಡಾಂಬರು ಹಾಕಲು ಬಂದಾಗ ಊಟ ಬಿಟ್ಟು ರಸ್ತೆ ಬದಿ ಕೂತಿದ್ದೆ. ಮಾತು ಡಾಂಬರಿನಡಿ ಹೂತುಹೋದರೆ ಏನು ಗತಿ ಎಂಬ ಚಿಂತೆ. ರೋಲರು ಹೋದ ಮೇಲೆ ನಲವತ್ತರಲ್ಲಿ ಓಡಿಸಿ ನೋಡಿದೆ, ದಿಬ್ಬಣದವರು ಬೀಗರ ಸಾರಿಗೆ ಉಪ್ಪಿಲ್ಲವೆಂದು ಎಂದಿನಂತೆ ನಗುತ್ತಿದ್ದರು. ಆ ನಗು ಕೇಳಿ ನೆಮ್ಮದಿಯಿಂದ ಅತ್ತವಳು ಊರಲ್ಲಿ ನಾನೊಬ್ಬಳೇ ಇರಬೇಕು.

ಆದರೆ ನೂರಾ ಎಂಬತ್ತು ಮುಟ್ಟುವ ಗಾಡಿ ಎಲ್ಲಿಂದ ತರುವುದು? ಪೊಲೀಸರ ಜೀಪು ಎಷ್ಟು ತುಳಿದರೂ ನೂರಾ ಹತ್ತಕ್ಕೆ ಬಂದು ನಡುಗುತ್ತದೆ. ನಿಜ ಹೇಳಬೇಕೆಂದರೆ ಇದು ನನಗೆ ಅನುಕೂಲವೇ ಆಗಿತ್ತು. ಕೇಳಲಾಗದ ಮಾತು ಒಳ್ಳೆಯದೇ ಇರಬಹುದು ಎಂದುಕೊಂಡು ಬದುಕಬಹುದು. ಒಂದು ದಿನ ಅವನು ಇಲ್ಲ ಎಂದಿರುತ್ತಾನೆ ಎನಿಸುತ್ತಿತ್ತು, ಮರುದಿನ ಹೌದು ಎಂದೇ ಹೇಳಿ ತಿರುವಿಗೆ ಹೋಗಿರುತ್ತಾನೆ ಎನಿಸುತ್ತಿತ್ತು. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಆದರೂ ಅಭ್ಯಾಸವಾಗಿತ್ತು.

ಹೀಗಿರುವಾಗ ಸಾಹುಕಾರ ಜಯವಂತಪ್ಪನವರು ಹೇಳಿ ಕಳಿಸಿದರು. ಹೋದರೆ ಅವರ ಅಂಗಳದಲ್ಲಿ ಲಾರಿಯಿಂದ ಇಳಿಸಿದ ಕಾರೊಂದು ನಿಂತಿತ್ತು. ಬೂದು ಬಣ್ಣ, ನನ್ನ ಸೊಂಟದಷ್ಟೂ ಎತ್ತರವಿಲ್ಲ. ಪಕ್ಕದಲ್ಲಿ ಕಂಪನಿಯ ಅಂಗಿ ತೊಟ್ಟ ಯುವಕ, ನಿಶಾಂತ್ ಅಂತೆ, ದೂರದ ನಗರದವನು. ಆ ಕೆಂಪು ಕಾರಿನ ಘಟನೆಯ ನಂತರ ಎತ್ತಿನ ಗಾಡಿ ಬಿಟ್ಟು ಬೇರೇನೂ ಹತ್ತದ ಸಾಹುಕಾರರು ಕುರ್ಚಿಯಲ್ಲಿ ಕೂತು ಕಾರಿನ ಕಡೆ ನೋಡದೆ ಹೇಳಿದರು. "ಟೆಸ್ಟ್ ಡ್ರೈವಿಗೆ ತರಿಸೀನಿ ಚಂಪವ್ವ. ಕೊಳ್ಳೋದು ಬಿಡೋದು ಆಮೇಲಿನ ಮಾತು. ನೀನು ಏರಿ ಮೇಲೆ ಓಡಿಸಿ ನೋಡಿ, ಹೆಂಗೈತೆ ಅಂತ ಬಂದು ಹೇಳು. ಸಾಕು."

"ಇನ್ನೂರೆಂಬತ್ತರ ತನಕ ಹೋಗುತ್ತೆ ಮೇಡಂ," ಎಂದ ನಿಶಾಂತ್ ಹೆಮ್ಮೆಯಿಂದ.

ನೂರಾ ಎಂಬತ್ತರ ಮಾತು ಊರಿಗೆಲ್ಲ ಗೊತ್ತಿದ್ದದ್ದೇ, ಸಾಹುಕಾರರು ಕೊಳ್ಳುವವರಲ್ಲ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಯಿತು. ನಾಳೆ ಬೆಳಿಗ್ಗೆ ಬರುತ್ತೇನೆ ಎಂದೆ.

ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಹಾಲಮ್ಮ ಜಗಲಿಯ ಮೇಲೆ ಕೂತಿದ್ದಳು. ವರ್ಷಗಳಿಂದ ನನ್ನೊಡನೆ ಉಪ್ಪು ಮೆಣಸಿನ ಮಾತು ಬಿಟ್ಟು ಬೇರೆ ಆಡದವಳು ದಾರಿಗೆ ಕೋಲು ಅಡ್ಡ ಹಿಡಿದಳು. "ಹೋಗಬ್ಯಾಡ."

"ಅತ್ತೆ, ನಾನು ಕಾರು ನೋಡಕೆ ಹೋಗ್ತಿರೋದು."

"ನಂಗೆ ಕಿವಿ ಮಂದ ಆಗೈತೆ, ಬುದ್ಧಿ ಮಂದ ಆಗಿಲ್ಲ. ಅವ್ನು ಹೌದು ಅಂದಿದ್ರೆ ಏನ್ ಮಾಡ್ತೀಯ? ಇಲ್ಲ ಅಂದಿದ್ರೆ ಏನ್ ಮಾಡ್ತೀಯ? ಎರಡರಾಗೆ ಯಾವ್ದು ಅಂದಿದ್ರೂ ಅವ್ನು ಎದ್ದು ಬರಲ್ಲ." ಕೋಲು ತೆಗೆಯದೆ ಮತ್ತೆ ಅಂದಳು. "ಆ ತಿರುವು ಒಬ್ಬರ್ನ ತಿಂದು ಸುಮ್ಕಿದೆ. ಅದನ್ನ ಎಬ್ಬಿಸಬ್ಯಾಡ."

ಮುದುಕಿ ಹೇಳಿದ್ದು ಸರಿ ಎಂದು ನನಗೂ ಅನಿಸಿತ್ತು. ಆದರೆ ಕಾರು ಇನ್ನೆರಡು ದಿನಕ್ಕೆ ಲಾರಿ ಹತ್ತುತ್ತದೆ, ಮತ್ತೆ ಅಂಥದ್ದು ಬರುವ ಹೊತ್ತಿಗೆ ನನ್ನ ಕಣ್ಣಿಗೆ ಪೊರೆ ಬಂದಿರುತ್ತದೆ. ಎಂಬತ್ತು ದಾಟಿ ಓಡಿಸಿದವಳೇ ಅಲ್ಲ ನಾನು. ಮೈಯೆಲ್ಲ ಹೆದರಿಕೆ. ಸಾಯುವ ಹೆದರಿಕೆ ಅದರಲ್ಲಿ ಸಣ್ಣ ಪಾಲು.

ಬೆಳಿಗ್ಗೆ ಅಂಗೈ ಬೆವರನ್ನು ಸೆರಗಿಗೆ ಒರೆಸಿಕೊಂಡು ಕಾರಿನೊಳಗೆ ಇಳಿದೆ. ಇಳಿದೆ ಎಂದೇ ಹೇಳಬೇಕು, ಊಟಕ್ಕೆ ಮಣೆಯ ಮೇಲೆ ಕೂತಷ್ಟು ಕೆಳಗೆ ಸೀಟು. ಕೂತೊಡನೆ ಎರಡೂ ಪಕ್ಕದಿಂದ ಅಪ್ಪಿ ಹಿಡಿಯಿತು. ಕೀಲಿ ತಿರುಗಿಸುವುದಿಲ್ಲ, ಗುಂಡಿ ಒತ್ತುವುದು. ಇಂಜಿನ್ನು ಮುಂದಿಲ್ಲ, ಬೆನ್ನ ಹಿಂದಿದೆ. ಅದು ಎದ್ದಾಗ ಸದ್ದು ಕಿವಿಗಿಂತ ಮೊದಲು ಬೆನ್ನುಮೂಳೆಗೆ ಬಂತು. ಕ್ಲಚ್ಚಿಲ್ಲದ ಗಾಡಿಯಲ್ಲಿ ಎಡಗಾಲು ಏನು ಮಾಡಬೇಕೆಂದು ತಿಳಿಯದೆ ಬೀಗರ ಮನೆಯಲ್ಲಿ ಕೂತಂತೆ ಕೂತಿತ್ತು. ನಿಶಾಂತ್ ಒಂದೊಂದೇ ಗುಂಡಿಯ ಮಹಿಮೆ ಹೇಳತೊಡಗಿದ. ನಾನು ಗಾಡಿ ಬಿಡುವ ಮುಂಚೆ ಅವನಿಗೆ ಹೇಳಿದೆ. "ಚಕ್ರ ತಿರುಗಿದ ಮೇಲೆ ಒಂದಕ್ಷರ ಮಾತಾಡಬಾರದು ಕಣಪ್ಪ. ಏನು ಕೇಳಿಸಿದರೂ ಸರಿ."

"ಸಾಹುಕಾರರೂ ಹೇಳಿದ್ರು ಮೇಡಂ. ಓಕೆ," ಎಂದು ನಕ್ಕ.

ಏರಿಗೆ ಹತ್ತಿದೆ. ಎತ್ತಿನ ಗಾಡಿಯ ವೇಗದಲ್ಲಿ ಜಮೀನಿನ ಜಗಳ ಕೇಳಿದೊಡನೆ ನಿಶಾಂತ್ ಹೌಹಾರಿ ಮ್ಯೂಸಿಕ್ ಸಿಸ್ಟಂ ಆಫ್ ಮಾಡಲು ನೋಡಿದ. ಅದು ಆಫ್ ಆಗಿಯೇ ಇತ್ತು. ನಾನು ಅವನ ಮೊಣಕೈ ತಟ್ಟಿ ಸುಮ್ಮನಿರಿಸಿದೆ. ಆಕ್ಸಿಲರೇಟರನ್ನು ಒತ್ತಬೇಕಾಗಿಯೂ ಇರಲಿಲ್ಲ, ಒತ್ತಬೇಕು ಎಂದುಕೊಂಡರೆ ಸಾಕಿತ್ತು. ದಿಬ್ಬಣದವರ ನಗು ಒಂದು ಚೂರು ಬಂದು ಹಿಂದೆ ಹೋಯಿತು. ಐವತ್ತು, ಅರವತ್ತರಲ್ಲಿ ಯಾರು ಯಾರೋ ಹುಡುಗರು ಯಾರು ಯಾರಿಗೋ ಇಟ್ಟ ಮಾತುಗಳು, ಅರ್ಧರ್ಧ. ನೂರಾ ಹತ್ತರಲ್ಲಿ ಹಳೆಯ ಇನ್‌ಸ್ಪೆಕ್ಟರೊಬ್ಬರು ಅಪಸ್ವರದಲ್ಲಿ ಹಾಡುತ್ತಿದ್ದರು. ಅದು ದಾಟಿತು.

ಆಮೇಲೆ ಏನೂ ಇಲ್ಲ. ಇಷ್ಟು ವರ್ಷ ಆ ರಸ್ತೆಯಲ್ಲಿ ಓಡಾಡಿ ನಾನು ಅಂಥ ನಿಶ್ಶಬ್ದ ಕೇಳಿರಲಿಲ್ಲ. ಇಂಜಿನ್ನು ಬೆನ್ನ ಹಿಂದೆ ಗುಡುಗುತ್ತಿತ್ತು, ಗಾಳಿ ಬಡಿಯುತ್ತಿತ್ತು, ಆದರೂ ಮನುಷ್ಯರ ದನಿಯಿಲ್ಲದ ಬಯಲು. ನೂರಾ ಮೂವತ್ತು. ರಸ್ತೆಯ ಒಂದೊಂದು ಹರಳೂ ಸ್ಟೀರಿಂಗಿನ ಮೂಲಕ ಬೆರಳಿಗೆ ತಾಗುತ್ತಿತ್ತು. ನೂರಾ ಐವತ್ತು. ಬದಿಯ ಜಾಲಿ ಗಿಡಗಳೆಲ್ಲ ಸೇರಿ ಒಂದೇ ಹಸಿರು ಗೆರೆಯಾದವು. ದೂರದ ತೂಬು ಇಷ್ಟಿಷ್ಟೇ ದೊಡ್ಡದಾಗುತ್ತಿತ್ತು. ಇಲ್ಲಿಗೇ ನಿಲ್ಲಿಸಿ ಹಿಂದಿರುಗಿದರೆ ಯಾರೂ ನನ್ನನ್ನು ಏನೂ ಅನ್ನುವುದಿಲ್ಲ, ಕಾರು ಚೆನ್ನಾಗಿದೆ ಸಾವ್ಕಾರ್ರೇ ಎಂದು ಹೇಳಿ ಮನೆಗೆ ಹೋಗಬಹುದು ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಕಾಲು ಕೇಳಲಿಲ್ಲ. ನೂರಾ ಎಂಬತ್ನಾಲ್ಕಕ್ಕೆ ಹೋಯಿತು, ಹೆಚ್ಚಾಯಿತು. ನೂರಾ ಎಪ್ಪತ್ತೆಂಟಕ್ಕೆ ಇಳಿಯಿತು. ರೇಡಿಯೋ ಸ್ಟೇಷನ್ನು ಹುಡುಕುವವಳಂತೆ ಪಾದವನ್ನು ಕೂದಲೆಳೆಯಷ್ಟು ಸರಿಸಿದೆ.

"ಚಂಪಾ, ಕೇಳ್ತೈತಾ?"

ಪಕ್ಕದಲ್ಲೇ ಕೂತವನ ದನಿ. ಸ್ವಲ್ಪ ನಾಚಿಕೊಂಡಿದ್ದ. ನನ್ನ ಗಂಡನಿಗೆ ಇಪ್ಪತ್ತೊಂಬತ್ತು ವರ್ಷ, ನನ್ನ ಕೂದಲು ಬೆಳ್ಳಗಾಗಿದೆ ಎಂಬುದು ಆಗ ನೆನಪಾಯಿತು. ಉಸಿರು ಬಿಟ್ಟರೆ ಎಲ್ಲಿ ನನ್ನ ದನಿ ಅವನ ಮೇಲೆ ಬೀಳುತ್ತದೋ ಎಂದು ತುಟಿ ಕಚ್ಚಿಕೊಂಡೆ.

"ಬೆಳಿಗ್ಗೆ ಕೇಳಿದ್ಯಲ್ಲ, ಅದಕ್ಕೆ ಹೇಳ್ತೀನಿ ಅಂದಿದ್ದೆ. ಹೆಂಗೆ ಶುರು ಮಾಡ್ಲಿ ಅಂತ ಗೊತ್ತಾಗ್ತಿಲ್ಲ, ತಡಿ." ಗಂಟಲು ಸರಿಮಾಡಿಕೊಂಡ. ಅವನು ಮುಂದಿನ ಮಾತು ಹುಡುಕುವಷ್ಟರಲ್ಲಿ ತೂಬಿನ ಕಟ್ಟೆಯ ಬಿಳಿ ಸುಣ್ಣ ಕಾಣತೊಡಗಿತು. ಹೇಳು, ಹೇಳಿಬಿಡು ಎಂದು ಮನಸ್ಸಿನಲ್ಲೇ ಅವಸರಿಸಿದೆ. ಸ್ಪೀಡಿನ ಮುಳ್ಳು ಅಲುಗದಂತೆ ಹಿಡಿದಿದ್ದೆ. ನಿಶಾಂತ್ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದ.

ಆಗ ಕೊಟ್ರೇಶಿಯ ದನಿ ಬದಲಾಯಿತು. ಗ್ಯಾರೇಜಿನಲ್ಲಿ ಜಾಕಿಯ ಮೇಲಿರುವ ಗಾಡಿಯಡಿ ಯಾರಾದರೂ ಕೈಯಿಟ್ಟರೆ ಬರುತ್ತಿದ್ದ ದನಿ ಅದು.

"ಚಂಪಾ, ಇರು. ನಿಂಗಿದು ಕೇಳ್ತೈತೆ ಅಂದ್ರೆ ನೀನೂ ಇಷ್ಟೇ ಜೋರಲ್ಲಿದೀಯ. ನಾಳೆ ನಾನೇ ಕರ್ಕೊಂಡು ಬರ್ಬೇಕು, ಆದ್ರೆ ನಿನ್ನ ಬುದ್ಧಿ ನಂಗೊತ್ತು, ನನ್ನ ಬಿಟ್ಟು ಒಬ್ಳೇ ಬಂದ್ರೂ ಬಂದೆ. ಮುಂದೆ ತೂಬಿನ ತಿರುವು. ಎಡಕ್ಕೆ ಕರಿಕಲ್ಲು ಕಾಣುತ್ತೆ ನೋಡು. ಅದು ಕಂಡ ತಕ್ಷಣ ಕಾಲು ತೆಗಿ, ಒಂದೇ ಸಲ ಬ್ರೇಕ್ ತುಳಿಬ್ಯಾಡ, ಒತ್ತಿ ಬಿಡು, ಒತ್ತಿ ಬಿಡು. ನನ್ ಮಾತು ಪೂರ್ತಿ ಆಗ್ಲಿ ಅಂತ ಕಾಯ್ಬ್ಯಾಡ, ಅದನ್ನ ಮನೇಲೇ ಹೇಳ್ತೀನಿ. ಕಾಲು ತೆಗಿ. ಈಗ ತೆಗಿ, ಚಂಪಾ, ರಸ್ತೆ ನೋ"

ಕಾಲು ತೆಗೆದೆ. ದನಿ ದಾರ ಕಡಿದಂತೆ ನಿಂತುಹೋಯಿತು. ಕರಿಕಲ್ಲು ಎಡಕ್ಕೆ ಸರ್ರನೆ ಹಾದುಹೋಯಿತು. ಅವನು ಹೇಳಿದಂತೆಯೇ ಒತ್ತಿ ಬಿಟ್ಟೆ, ಒತ್ತಿ ಬಿಟ್ಟೆ. ಈ ಕಾಲದ ಬ್ರೇಕಿಗೆ ಅದರ ಅಗತ್ಯವೇ ಇಲ್ಲವೆಂದು ಬ್ರೇಕು ಕಾಲಡಿಯಲ್ಲಿ ತಾನೇ ಕಟಕಟ ನಡುಗಿ ಹೇಳುತ್ತಿತ್ತು, ಆದರೂ ಹಾಗೇ ಮಾಡಿದೆ. ಸೀಟಿನ ಪಟ್ಟಿ ಎದೆಗೆ ಕಚ್ಚಿತು. ತಿರುವು ಬರುವ ಹೊತ್ತಿಗೆ ಕಾರು ನಮ್ಮ ಬಸ್ಸಿನಷ್ಟು ಸಾಧುವಾಗಿ ಬಲಕ್ಕೆ ತಿರುಗಿತು.

ತಿರುವು ದಾಟಿ ನಿಲ್ಲಿಸಿದೆ. ಸ್ಟೀರಿಂಗಿನಿಂದ ಬೆರಳು ಬಿಡಿಸಿಕೊಳ್ಳಲು ಆಗಲಿಲ್ಲ. ನನಗೆ ಆಗ ಹೊಳೆದದ್ದು ಇಷ್ಟೇ. ಕಲ್ಲು ಕಂಡೊಡನೆ ಕಾಲು ತೆಗೆ ಎಂದವನು, ದನಿ ತುಂಡಾಗದೆ ಬಂದದ್ದು ನೋಡಿದರೆ, ಕಲ್ಲಿನ ಹತ್ತಿರ ತಾನು ತೆಗೆದಿರಲಿಲ್ಲ. ತೆಗೆದಿದ್ದರೆ ಅವನ ವೇಗ ಇಳಿದು ಮಾತು ಅಲ್ಲಿಗೇ ತುಂಡಾಗುತ್ತಿತ್ತು, ನಾಳೆ ಬರುವವಳಿಗೆ ಅರ್ಧ ಎಚ್ಚರಿಕೆ ಮಾತ್ರ ಸಿಗುತ್ತಿತ್ತು. ಅದಕ್ಕೇ ಮುಳ್ಳನ್ನು ಹಾಗೇ ಹಿಡಿದು ಮಾತಾಡುತ್ತ ಹೋದ. ನನ್ನ ಬ್ರೇಕಿನ ಚಿಂತೆಯಲ್ಲಿ ತನ್ನದನ್ನು ಮರೆತ. ಅವನು ಬೇಕೆಂದೇ ಹೋದ ಎಂದು ಅಂದವರನ್ನೆಲ್ಲ ಕರೆದು ಆ ಕಲ್ಲಿನ ಮುಂದೆ ನಿಲ್ಲಿಸಬೇಕು ಎನಿಸಿತು. ನಾನು ಅತ್ತುಬಿಟ್ಟೆ. ಬಾಯಿ ಬಿಟ್ಟು, ಜೋರಾಗಿ ಅತ್ತೆ, ಗಾಡಿ ನಿಂತಿತ್ತಲ್ಲ.

ನಿಶಾಂತ್ ನೀರಿನ ಬಾಟಲಿ ಕೊಟ್ಟ. "ಯಾರು ಮೇಡಂ ಅದು?"

"ನಮ್ಮ ಯಜಮಾನರು."

ಅವನು ಹಿಂದಿರುಗಿ ತಿರುವನ್ನು ನೋಡಿದ. ಆಮೇಲೆ ಮೆಲ್ಲಗೆ ಅಂದ. "ಮಾತು ಮುಗಿದಿರಲಿಲ್ಲ. ಈ ಕಾರು ತಿರುವಲ್ಲೂ ರಸ್ತೆ ಬಿಡಲ್ಲ ಮೇಡಂ. ಬೇಕಾದ್ರೆ ಇನ್ನೊಂದು ರೌಂಡ್ ಹೋಗೋಣ."

ಕಲ್ಲಿನಿಂದ ಆಚೆ ಇನ್ನೆಷ್ಟು ಮಾತಿದೆಯೋ, ಹೌದೋ ಇಲ್ಲವೋ ಎಂಬುದೂ ಅಲ್ಲಿಯೇ ಇದೆಯೋ ಏನೋ. ಆದರೆ ಕಾಯಬೇಡ ಎಂದು ಅವನೇ ಹೇಳಿದ್ದಾನೆ. "ಬೇಡಪ್ಪ," ಎಂದೆ.

ಸಾಹುಕಾರರ ಅಂಗಳದಲ್ಲಿ ಕಾರಿನಿಂದ ಎದ್ದು ಬಂದಾಗ ಅವರು ಕುರ್ಚಿಯಿಂದ ಎದ್ದು ನಿಂತಿದ್ದರು. "ಹೆಂಗೈತವ್ವ?" ಎಂದರು. "ಬ್ರೇಕು ಚೆನ್ನಾಗೈತೆ ಸಾವ್ಕಾರ್ರೇ," ಎಂದೆ. ಅವರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡರು.

ಮನೆಯಲ್ಲಿ ಎರಡು ಒಲೆಗಳೂ ತಣ್ಣಗಿದ್ದವು. ಹಾಲಮ್ಮ ಜಗಲಿಯ ಮೇಲೆ ಅದೇ ಜಾಗದಲ್ಲಿದ್ದಳು, ಬೆಳಗಿನಿಂದ ನೀರೂ ಮುಟ್ಟಿದಂತಿರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೈಕಾಲು ಇದೆಯೆಂದು ಖಾತ್ರಿ ಮಾಡಿಕೊಂಡು ಕೇಳಿದಳು. "ಏನಂದ?"

ಅಕ್ಷರ ಬಿಡದೆ ಹೇಳಿದೆ. ಕರಿಕಲ್ಲಿನ ತನಕ ಹೇಳಿ ನಿಂತೆ.

"ಆಮೇಲೆ?"

"ಆಮೇಲೆ ನಾನು ಕಾಲು ತೆಗೆದೆ, ಅತ್ತೆ. ಮುಂದಿಂದು ಕೇಳಲಿಲ್ಲ."

ಅವಳು ಕೋಲಿನ ತುದಿಯಿಂದ ನೆಲದ ಮೇಲೆ ಏನೋ ಗೀಚಿದಳು. "ಅವ್ರಪ್ಪ ಗಾಡಿ ಹೊಡ್ಕೊಂಡು ಹೋಗುವಾಗ್ಲೂ ಒಂದಿನ ಹುಷಾರು ಅಂದವನಲ್ಲ ಅವ್ನು. ನಂಗೂ ಅಂದಿಲ್ಲ. ನಿಂಗೊಬ್ಳಿಗೇ ಅಂದಾನೆ." ಕೋಲು ಎತ್ತಿ ನೆಲಕ್ಕೆ ಕುಟ್ಟಿದಳು. "ಇನ್ನೇನು ಕೇಳ್ಬೇಕಿತ್ತು ನಿಂಗೆ?"

ಅವಳು ಗೋಡೆ ಹಿಡಿದು ಎದ್ದಳು. "ಗಾಡಿ ತೆಗಿ. ನಿನ್ನ ಕಲಿಸೋ ಗಾಡಿ. ಆ ಕಲ್ಲು ನೋಡ್ಬೇಕು ನಾನು."

ಮಗ ಹೋದ ದಿನದಿಂದ ಚಕ್ರ ಹತ್ತದವಳು. ಸ್ಕೂಲಿನ ಹಳೆಯ ಕಾರಿನಲ್ಲಿ, ಕಲಿಯುವವರು ಹೋಗುವ ವೇಗದಲ್ಲೇ, ಎರಡನೇ ಗೇರಿನಲ್ಲಿ ಏರಿಯುದ್ದಕ್ಕೂ ಕರೆದೊಯ್ದೆ. ಇಬ್ಬರೂ ತುಟಿ ಬಿಚ್ಚಲಿಲ್ಲ. ಕರಿಕಲ್ಲು ಕಂಡಿತು. ನಾನು ಕೈ ತೋರಿಸಿದೆ. ಅವಳು ಕಿಟಕಿಯ ಹೊರಗೆ ತಲೆ ಹಾಕಿ, ಹುಟ್ಟಿದಾಗಿನಿಂದ ಊರು ಕಲಿಸಿದ ಪಾಠ ಮರೆತು, ಬೇಕೆಂದೇ ಮರೆತು, ಗಟ್ಟಿಯಾಗಿ ಹೇಳಿದಳು.

"ಕೊಟ್ರಾ, ನೀ ಹೇಳಿದ್ದು ಕೇಳ್ಯಾಳೆ ಕಣೋ. ಕಾಲು ತೆಗ್ದಾಳೆ. ನಮ್ ಸೊಸೆ ಮನೆಗೆ ಬಂದಾಳೆ."

ಕಾರು ಮರುದಿನ ಲಾರಿ ಹತ್ತಿ ಹೋಯಿತು. ಹಾಲಮ್ಮ ಈಗಿಲ್ಲ. ನಾನು ದಿನವೂ ಕಲಿಯುವವರನ್ನು ಏರಿಗೆ ಕರೆದೊಯ್ಯುತ್ತೇನೆ. ಕಲ್ಲಿನ ಹತ್ತಿರ ಎರಡನೇ ಗೇರಿನಲ್ಲಿ ಮುದುಕಿಯ ದನಿ ಕೇಳಿದೊಡನೆ, ಅದು ತಮಗೇ ಹೇಳಿದ ಪಾಠವೆಂದುಕೊಂಡು ಒಬ್ಬೊಬ್ಬರೂ ಕಾಲು ತೆಗೆಯುತ್ತಾರೆ. ಅಲ್ಲಿ ನಾನು ಡ್ಯಾಶ್‌ಬೋರ್ಡು ಬಡಿಯಬೇಕಾಗಿಲ್ಲ.